ಪೆಟ್ಟಿಗೆಯ ನಡುವೆ ಇಲ್ಲದ ಕಣ: ಒಂದು ಕ್ವಾಂಟಂ ತರಗತಿಯ ಪ್ರಕರಣ

ಪ್ರಶ್ನೆ ಬಂದದ್ದು ಮೂರನೆಯ ವಾರದಲ್ಲಿ. ಬೋರ್ಡಿನ ಮೇಲೆ ಎರಡು ಗೋಡೆಗಳು, ಅವುಗಳ ನಡುವೆ ಸಿಕ್ಕಿಬಿದ್ದ ಒಂದು ಎಲೆಕ್ಟ್ರಾನ್. ಎರಡನೆಯ ಶಕ್ತಿಮಟ್ಟದ ತರಂಗ ಫಲನವನ್ನು, ಅಂದರೆ ಆ ಸ್ಥಿತಿಯನ್ನು ಹೇಳುವ ಗಣಿತದ ಅಲೆಯನ್ನು, ಅಧ್ಯಾಪಕಿ ಆಗಷ್ಟೇ ಬರೆದು ಮುಗಿಸಿದ್ದರು. ಎಡಕ್ಕೊಂದು ಉಬ್ಬು, ಬಲಕ್ಕೊಂದು ತಗ್ಗು, ನಟ್ಟನಡುವೆ ಸೊನ್ನೆ. ಅದನ್ನು ವರ್ಗ ಮಾಡಿದಾಗ, ಅಂದರೆ ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದು ನೋಡಿದಾಗ, ಎಡಬಲಗಳಲ್ಲಿ ಒಂದೊಂದು ಗುಡ್ಡ ಎದ್ದಿತು, ನಡುವಿನ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಕಿಟಕಿ ಪಕ್ಕದ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿದಳು.

"ಮೇಡಂ, ಎಲೆಕ್ಟ್ರಾನ್ ಎಡಗಡೆಯೂ ಸಿಗುತ್ತದೆ, ಬಲಗಡೆಯೂ ಸಿಗುತ್ತದೆ. ನಡುವೆ ಮಾತ್ರ ಎಂದಿಗೂ ಸಿಗುವುದಿಲ್ಲ. ಹಾಗಾದರೆ ಈ ಕಡೆಯಿಂದ ಆ ಕಡೆಗೆ ಅದು ದಾಟುವುದು ಹೇಗೆ?"

"ಕ್ವಾಂಟಂನಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ಬರೆದುಕೊಳ್ಳಿ, ಇನ್ನು ಮೂರನೆಯ ಮಟ್ಟ."

ಹುಡುಗಿ ಕೈ ಇಳಿಸಿದಳು, ಬರೆದುಕೊಂಡಳು. ಮುಂದಿನ ಎರಡು ವಾರ ಆ ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ, ಪರೀಕ್ಷೆಗೆ ಎಲ್ಲಿಯವರೆಗೆ ಎಂಬ ಒಂದನ್ನು ಬಿಟ್ಟು.

ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅದೇ ವಿಭಾಗದಲ್ಲಿ ಬೇರೆ ವಿಷಯ ಕಲಿಸುವವನು ನಾನು. ಹಿಂದಿನ ವರ್ಷದ ವಿದ್ಯಾರ್ಥಿಗಳು ಈ ಕೋರ್ಸಿನ ಬಗ್ಗೆ ಬರೆದುಕೊಟ್ಟಿದ್ದ ಅಭಿಪ್ರಾಯಗಳು ಅಷ್ಟು ಸಿಹಿಯಾಗಿರಲಿಲ್ಲ. ಗಣಿತ ಹೆಚ್ಚಾಯಿತು, ವೇಗ ಹೆಚ್ಚಾಯಿತು, ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ ಎಂಬ ಮೂರು ದೂರುಗಳು ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಬಂದಿದ್ದವು. ಒಂದು ಸೆಮಿಸ್ಟರ್ ಪೂರ್ತಿ ಕುಳಿತು ನೋಡಿ, ಉತ್ತರಪತ್ರಿಕೆಗಳನ್ನು ಓದಿ, ವಿದ್ಯಾರ್ಥಿಗಳ ಜೊತೆ ಮಾತಾಡಿ ಬರಹದಲ್ಲಿ ಕೊಡಿ ಎಂದು ವಿಭಾಗ ನನಗೆ ಹೇಳಿತು. ಅಧ್ಯಾಪಕಿ ಒಪ್ಪಿದರು. ಹೀಗೆ ಒಪ್ಪುವುದು ಸುಲಭವಲ್ಲ. ನನ್ನ ತರಗತಿಯಲ್ಲಿ ಸಹೋದ್ಯೋಗಿಯೊಬ್ಬರು ನೋಟ್‌ಬುಕ್ ಹಿಡಿದು ಕೂರುತ್ತೇನೆ ಎಂದಿದ್ದರೆ ನಾನು ನೆಪ ಹುಡುಕುತ್ತಿದ್ದೆ.

ಮೊದಲೇ ಒಂದು ಮಾತು ಹೇಳಬೇಕು. ಅವರು ಕೆಟ್ಟ ಅಧ್ಯಾಪಕಿಯಲ್ಲ, ವಿಭಾಗದಲ್ಲೇ ಒಳ್ಳೆಯವರಲ್ಲೊಬ್ಬರು. ಬೋರ್ಡಿನ ಎಡಮೂಲೆಯಲ್ಲಿ ಶುರುವಾದ ನಿರೂಪಣೆ ಬಲಮೂಲೆಯಲ್ಲಿ ಸರಿಯಾಗಿ ಗಂಟೆಗೆ ಮುಗಿಯುತ್ತಿತ್ತು. ಒಂದು ಋಣ ಚಿಹ್ನೆ ಬಿಟ್ಟುಹೋದದ್ದನ್ನು ನಾನು ಇಡೀ ಸೆಮಿಸ್ಟರಿನಲ್ಲಿ ಕಾಣಲಿಲ್ಲ. ಈ ಪ್ರಕರಣ ಬರೆಯುವಷ್ಟು ಕುತೂಹಲಕರವಾದದ್ದೂ ಅದರಿಂದಲೇ. ಕೆಟ್ಟ ಪಾಠದಿಂದ ವಿದ್ಯಾರ್ಥಿಗಳಿಗೆ ಅರ್ಥವಾಗಲಿಲ್ಲ ಎಂದರೆ ಹೇಳುವುದಕ್ಕೇನೂ ಇರುವುದಿಲ್ಲ. ಇಲ್ಲಿ ಪಾಠ ಚೆನ್ನಾಗಿತ್ತು, ವಿದ್ಯಾರ್ಥಿಗಳೂ ದಡ್ಡರಾಗಿರಲಿಲ್ಲ.

ಕೋರ್ಸಿನ ಕ್ರಮ ಎಲ್ಲೆಡೆ ಇರುವಂಥದ್ದೇ. ಮೊದಲ ಎರಡು ವಾರ ಇತಿಹಾಸ: 1900ರ ಪ್ಲಾಂಕ್, 1905ರ ಐನ್‌ಸ್ಟೈನ್, 1913ರ ಬೋರ್, 1924ರ ಡಿ ಬ್ರಾಯ್. ಆಮೇಲೆ 1926ರ ಶ್ರೋಡಿಂಗರ್ ಸಮೀಕರಣ, ಅಲ್ಲಿಂದ ಪೆಟ್ಟಿಗೆಯೊಳಗಿನ ಕಣ, ತಡೆಗೋಡೆ, ಆಂದೋಲಕ, ಹೈಡ್ರೋಜನ್. ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಇರುವ ಕೋನೀಯ ಸಂವೇಗ, ಅಂದರೆ ಸ್ಪಿನ್‌ಗೆ ಕೊನೆಯ ವಾರ, ಅದೂ ಸಮಯ ಉಳಿದರೆ. ಪರೀಕ್ಷೆಯಲ್ಲಿ ನಿರೂಪಣೆ ಮತ್ತು ಲೆಕ್ಕ.

ಇತಿಹಾಸದಿಂದ ಶುರುಮಾಡುವುದರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಕರಾರಿದೆ, ಅದು ಈ ಸಲ ಕಣ್ಣಿಗೆ ಕಂಡಿತು. ಎಲೆಕ್ಟ್ರಾನ್ ನಿಗದಿತ ಕಕ್ಷೆಗಳಲ್ಲಿ ಸುತ್ತುತ್ತದೆ ಎನ್ನುವ ಬೋರ್ ಮಾದರಿಯನ್ನು ಒಂದು ವಾರ ಕಲಿಸಿ, ಲೆಕ್ಕ ಮಾಡಿಸಿ, ಅಂಕ ಕೊಟ್ಟು, ಎರಡು ತಿಂಗಳ ನಂತರ ಹೈಡ್ರೋಜನ್ ಪಾಠಕ್ಕೆ ಬಂದಾಗ ಅದನ್ನು ಮರೆತುಬಿಡಿ ಎನ್ನುತ್ತೇವೆ. ಅಂಕ ತಂದುಕೊಟ್ಟದ್ದನ್ನು ಯಾರು ಮರೆಯುತ್ತಾರೆ? ಶಕ್ತಿಯ ವಿಷಯದಲ್ಲಿ ಹಳೆಯದೂ ಹೊಸದೂ ಒಂದೇ ಉತ್ತರ ಕೊಡುತ್ತವೆ, ಕನಿಷ್ಠ ಮಟ್ಟಕ್ಕೆ ಋಣ 13.6 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಎರಡೂ ಒಂದೇ ಎಂಬ ಭಾವನೆ ಗಟ್ಟಿಯಾಗುತ್ತದೆ. ಕೋನೀಯ ಸಂವೇಗ ಕೇಳಿದಾಗ ದಾರಿಗಳು ಬೇರೆಯಾಗುತ್ತವೆ. ಬೋರ್ ಲೆಕ್ಕದಲ್ಲಿ ಕನಿಷ್ಠ ಮಟ್ಟದ ಎಲೆಕ್ಟ್ರಾನಿಗೆ ಕಕ್ಷೀಯ ಕೋನೀಯ ಸಂವೇಗ ಒಂದು ಎಚ್-ಬಾರ್ (ಪ್ಲಾಂಕ್ ಸ್ಥಿರಾಂಕವನ್ನು 2π ಇಂದ ಭಾಗಿಸಿದ್ದು), ಶ್ರೋಡಿಂಗರ್ ಲೆಕ್ಕದಲ್ಲಿ ಸೊನ್ನೆ. ಹಿಂದಿನ ವರ್ಷದ ಒಂದು ಉತ್ತರಪತ್ರಿಕೆಯಲ್ಲಿ ಎರಡೂ ಇದ್ದವು, ಒಂದೇ ಪುಟದಲ್ಲಿ, ನಾಲ್ಕು ಸಾಲಿನ ಅಂತರದಲ್ಲಿ. ಎರಡಕ್ಕೂ ಅಂಕ ಬಿದ್ದಿತ್ತು.

ಈಗ ದೂರಿನ ವಿಷಯ. ಗಣಿತವೇ ತೊಡಕು ಎಂದು ವಿದ್ಯಾರ್ಥಿಗಳು ಹೇಳಿದ್ದರಿಂದ ನಾನು ಮೊದಲು ಗಣಿತವನ್ನೇ ಹುಡುಕಿಕೊಂಡು ಹೋದೆ. ಮೊದಲ ಆಂತರಿಕ ಪರೀಕ್ಷೆಯ ಪತ್ರಿಕೆಗಳನ್ನು ತಂದು ಮನೆಯಲ್ಲಿ ಓದಿದೆ. ಅನುಕಲನ ಸರಿಯಿತ್ತು. ಸೀಮಾ ನಿಬಂಧನೆಗಳನ್ನು ಹೊಂದಿಸಿದ್ದು ಸರಿಯಿತ್ತು. ತಪ್ಪುಗಳಿದ್ದವು, ಆದರೆ ಅವು ಆತುರದ ತಪ್ಪುಗಳು. ಈ ಪತ್ರಿಕೆಗಳನ್ನು ಬರೆದವರು ಏನೂ ತಿಳಿಯಲಿಲ್ಲ ಎನ್ನುತ್ತಿದ್ದಾರೆ ಎಂದರೆ ನಂಬುವುದು ಕಷ್ಟವಾಗುತ್ತಿತ್ತು.

ಆಗ ಅಧ್ಯಾಪಕಿಯ ಅನುಮತಿ ಪಡೆದು ಒಂದು ಹಾಳೆ ಹಂಚಿದೆ. ಅಂಕವಿಲ್ಲ, ಹೆಸರು ಬೇಕಿಲ್ಲ. ಲೆಕ್ಕವನ್ನೂ ನಾನೇ ಮಾಡಿಕೊಟ್ಟಿದ್ದೆ. ಒಂದು ನ್ಯಾನೋಮೀಟರ್ ಅಗಲದ, ಅನಂತ ಎತ್ತರದ ಗೋಡೆಗಳ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನ್ ಇದೆ. ಮೊದಲ ಮಟ್ಟದ ಶಕ್ತಿ 0.376 ಎಲೆಕ್ಟ್ರಾನ್ ವೋಲ್ಟ್, ಎರಡನೆಯದು 1.504. ಇವೆರಡು ಸ್ಥಿತಿಗಳನ್ನು ಸಮಪಾಲಿನಲ್ಲಿ ಕೂಡಿಸಿದ ಸ್ಥಿತಿಯಲ್ಲಿ ಎಲೆಕ್ಟ್ರಾನ್ ಇರುವಾಗ ಒಮ್ಮೆ ಶಕ್ತಿಯನ್ನು ಅಳೆದರೆ ಯಾವ ಸಂಖ್ಯೆ ಸಿಗಬಹುದು? ತಕ್ಷಣ ಮತ್ತೊಮ್ಮೆ ಅಳೆದರೆ?

ಹಾಳೆಗಳನ್ನು ತಿರುವಿಹಾಕುತ್ತಾ ಹೋದಂತೆ ಒಂದೇ ಸಂಖ್ಯೆ ಎದುರಾಗುತ್ತಾ ಹೋಯಿತು: 0.94. ಎರಡೂ ಶಕ್ತಿಗಳ ಸರಾಸರಿ. ಕೆಲವರು ಅದನ್ನು ಚೌಕದೊಳಗೆ ಹಾಕಿ ಅಡಿಗೆರೆಯನ್ನೂ ಎಳೆದಿದ್ದರು.

ಆ ಪೆಟ್ಟಿಗೆಯಲ್ಲಿ 0.94 ಎಂಬ ಶಕ್ತಿಮಟ್ಟವೇ ಇಲ್ಲ. ಒಮ್ಮೆ ಅಳೆದರೆ ಸಿಗುವುದು 0.376, ಇಲ್ಲವೇ 1.504. ಯಾವುದು ಎಂದು ಮುಂಚೆ ಹೇಳಲಾಗದು, ಎರಡಕ್ಕೂ ಸಮಾನ ಸಾಧ್ಯತೆ. ತಕ್ಷಣ ಮತ್ತೆ ಅಳೆದರೆ ಮೊದಲು ಸಿಕ್ಕಿದ್ದೇ ಸಿಗುತ್ತದೆ. ಒಂದೇ ರೀತಿ ಸಿದ್ಧಪಡಿಸಿದ ಸಾವಿರಾರು ಪೆಟ್ಟಿಗೆಗಳಲ್ಲಿ ತಲಾ ಒಮ್ಮೆ ಅಳೆದು ಸರಾಸರಿ ತೆಗೆದಾಗ 0.94ರ ಹತ್ತಿರ ಬರುತ್ತದೆ. ದಾಳದ ಸರಾಸರಿ 3.5, ಆದರೆ ಮೂರೂವರೆ ಚುಕ್ಕೆಯ ಮುಖ ಯಾವ ದಾಳಕ್ಕೂ ಇಲ್ಲ.

ತರಗತಿಯಲ್ಲಿ ಅತಿ ಹೆಚ್ಚು ಅಂಕ ತೆಗೆಯುವ ಹುಡುಗ, ಹಾಳೆಯಲ್ಲಿ ತನ್ನ ಉತ್ತರವೂ 0.94 ಎಂದು ತಾನಾಗಿಯೇ ಬಂದು ಹೇಳಿದ. ಯಾಕೆ ಎಂದು ಕೇಳಿದೆ.

"ಫಾರ್ಮುಲಾ ಅದನ್ನೇ ಕೊಡುತ್ತದಲ್ಲ, ಸರ್. ನಿರೀಕ್ಷಿತ ಮೌಲ್ಯ. ಅಳೆದಾಗ ನಾವು ಏನನ್ನು ನಿರೀಕ್ಷಿಸಬೇಕೋ ಅದು."

ಹೆಸರಿನಲ್ಲೇ ಎಡವಿದ್ದ. ಸಂಖ್ಯಾಶಾಸ್ತ್ರದಿಂದ ಎರವಲು ಬಂದ ಪದ ಅದು, ನಿರೀಕ್ಷೆಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಆದರೆ ಹುಡುಗನ ತರ್ಕದಲ್ಲಿ ತಪ್ಪೇನಿದೆ? ಆ ಫಾರ್ಮುಲಾವನ್ನು ಅವನು ಹದಿನೈದಿಪ್ಪತ್ತು ಸಲ ಲೆಕ್ಕ ಹಾಕಿದ್ದ. ಬಂದ ಸಂಖ್ಯೆ ಯಾವ ಪ್ರಯೋಗದ ಯಾವ ಓದು ಎಂದು ಒಂದು ಸಲವೂ ಯಾರೂ ಕೇಳಿರಲಿಲ್ಲ.

ಹಾಳೆಯ ಎರಡನೆಯ ಪ್ರಶ್ನೆ ಸುರಂಗ ಪರಿಣಾಮದ್ದು. ತಡೆಗೋಡೆಯ ಎತ್ತರಕ್ಕಿಂತ ಕಡಿಮೆ ಶಕ್ತಿಯ ಕಣ ಗೋಡೆಯಾಚೆ ಸಿಕ್ಕಿದೆ, ಅದರ ಶಕ್ತಿ ಈಗ ಮೊದಲಿಗಿಂತ ಹೆಚ್ಚೋ, ಕಡಿಮೆಯೋ, ಅಷ್ಟೆಯೋ? ಹೆಚ್ಚಿನವರು ಕಡಿಮೆ ಎಂದು ಬರೆದರು. ಗೋಡೆಯನ್ನು ಕೊರೆಯಲು ಶಕ್ತಿ ಖರ್ಚಾಯಿತು ಎಂದು ಒಬ್ಬರು ಕಾರಣವನ್ನೂ ಕೊಟ್ಟಿದ್ದರು, ಪಾಪ, ಡ್ರಿಲ್ಲಿಂಗ್ ಯಂತ್ರವೇ ಕಣ್ಣಮುಂದೆ ಬಂದಿರಬೇಕು. ಶಕ್ತಿ ಅಷ್ಟೇ ಇರುತ್ತದೆ, ತರಂಗಾಂತರವೂ ಅಷ್ಟೇ. ಕುಗ್ಗುವುದು ಅಲೆಯ ಎತ್ತರ, ಅಂದರೆ ಆಚೆ ಸಿಗುವ ಸಂಭವನೀಯತೆ.

ಇದಕ್ಕೆ ಕಾರಣ ನನ್ನದೇ ನೋಟ್‌ಬುಕ್ಕಿನಲ್ಲಿತ್ತು. ಪಾಠದ ದಿನ ನಾನು ಬೋರ್ಡಿನ ಚಿತ್ರವನ್ನು ಇದ್ದ ಹಾಗೆಯೇ ಬರೆದುಕೊಂಡಿದ್ದೆ. ಬಿಳಿ ಸೀಮೆಸುಣ್ಣದಲ್ಲಿ ತಡೆಗೋಡೆ, ಲಂಬ ಅಕ್ಷದಲ್ಲಿ ಶಕ್ತಿ. ಚುಕ್ಕೆಗೆರೆಯಲ್ಲಿ ಕಣದ ಶಕ್ತಿಯ ಮಟ್ಟ. ಅದೇ ಚುಕ್ಕೆಗೆರೆಯನ್ನು ಆಧಾರವಾಗಿಟ್ಟುಕೊಂಡು ಹಳದಿ ಸೀಮೆಸುಣ್ಣದಲ್ಲಿ ತರಂಗ ಫಲನ: ಗೋಡೆಯ ಈಚೆ ದೊಡ್ಡ ಅಲೆ, ಒಳಗೆ ಇಳಿಜಾರು, ಆಚೆ ಪುಟ್ಟ ಅಲೆ. ಒಂದೇ ಚಿತ್ರಕ್ಕೆ ಎರಡು ಲಂಬ ಅಕ್ಷಗಳು, ಒಂದಕ್ಕೆ ಮಾತ್ರ ಹೆಸರು. ಹಳದಿ ಗೆರೆ ಇಳಿದದ್ದನ್ನು ಕಂಡವರು ಶಕ್ತಿ ಇಳಿಯಿತು ಎಂದು ಓದಿದರು. ಅಕ್ಷದ ಮೇಲೆ ಬರೆದಿದ್ದದ್ದು ಶಕ್ತಿ ಎಂದೇ ಅಲ್ಲವೇ? ಈ ಚಿತ್ರ ಅಧ್ಯಾಪಕಿಯದಲ್ಲ, ನಮ್ಮೆಲ್ಲರದು. ನಾನು ಕಲಿತದ್ದೂ ಹಾಗೆಯೇ, ಪಠ್ಯಪುಸ್ತಕಗಳಲ್ಲಿ ಇರುವುದೂ ಹೆಚ್ಚಾಗಿ ಅದೇ. ವಿದ್ಯಾರ್ಥಿಗಳು ಈ ಬಗೆಯಲ್ಲಿ ಎಡವುತ್ತಾರೆ ಎಂಬುದು ಭೌತಶಾಸ್ತ್ರ ಬೋಧನೆಯನ್ನು ಅಧ್ಯಯನ ಮಾಡುವವರಿಗೆ ಹಳೆಯ ಸಂಗತಿ. ಬೋರ್ಡಿನ ಮುಂದೆ ನಿಲ್ಲುವ ನಮಗೆ ಮಾತ್ರ ಅದು ತಲುಪಿರಲಿಲ್ಲ.

ಹಾಳೆಗಳನ್ನು ಅಧ್ಯಾಪಕಿಯ ಮುಂದಿಟ್ಟ ಸಂಜೆ ನಮ್ಮಿಬ್ಬರ ನಡುವೆ ಮಾತು ಬಿಸಿಯೇರಿತು. 0.94 ಅನ್ನು ಅವರು ಮೂರು ನಾಲ್ಕು ಸಲ ನೋಡಿದರು.

"ನಾನು ಇದನ್ನು ಹೇಳಿದ್ದೇನೆ" ಎಂದರು.

ಹೇಳಿದ್ದರು. ನನ್ನ ನೋಟ್‌ಬುಕ್ಕಿನಲ್ಲಿಯೂ ಇತ್ತು. ಅಳತೆಯಲ್ಲಿ ಐಗನ್ ಮೌಲ್ಯಗಳು, ಅಂದರೆ ಅಳೆಯುವ ರಾಶಿಗೆ ಸಾಧ್ಯವಿರುವ ನಿಗದಿತ ಮೌಲ್ಯಗಳು, ಮಾತ್ರ ಸಿಗುತ್ತವೆ ಎಂದು ಒಂದೇ ಒಂದು ಸಾಲು, ಮೂಲತತ್ವಗಳ ಪಟ್ಟಿಯಲ್ಲಿ ಮೂರನೆಯದಾಗಿ. ಬರೆದುಕೊಳ್ಳಲು ಅರ್ಧ ನಿಮಿಷ ಹಿಡಿದಿರಬಹುದು. ಅದಾದ ಮೇಲೆ ಅದೇ ತತ್ವ ಯಾವ ಲೆಕ್ಕದಲ್ಲಿಯೂ ತಲೆ ಹಾಕಲಿಲ್ಲ.

"ನೀವು ಹೇಳುವ ಹಾಗೆ ಪ್ರತಿಯೊಂದಕ್ಕೂ ನಿಂತುಕೊಂಡರೆ ಹೈಡ್ರೋಜನ್ ಯಾರು ಮಾಡುತ್ತಾರೆ? ಮೊದಲು ಲೆಕ್ಕ ಕೈಗೆ ಹತ್ತಲಿ. ಅರ್ಥ ಆಮೇಲೆ ಬರುತ್ತದೆ. ನಮಗೂ ಹಾಗೆಯೇ ಬಂದದ್ದು."

ಇದು ಸೋಮಾರಿತನದ ಮಾತಲ್ಲ. ಕ್ವಾಂಟಂ ಭೌತಶಾಸ್ತ್ರ ಕಲಿಸುವವರಲ್ಲಿ ಅನೇಕರ ನಿಲುವು ಇದು. ಅದಕ್ಕೊಂದು ಪ್ರಸಿದ್ಧ ಘೋಷವಾಕ್ಯವೂ ಇದೆ: ಬಾಯಿಮುಚ್ಚಿ ಲೆಕ್ಕ ಮಾಡು. ಈ ಮಾತನ್ನು ಫೈನ್‌ಮನ್ ಹೆಸರಿಗೆ ಅಂಟಿಸುವವರು ಬಹಳ. ಅಚ್ಚಿನಲ್ಲಿ ಬರೆದದ್ದು ಭೌತವಿಜ್ಞಾನಿ ಡೇವಿಡ್ ಮರ್ಮಿನ್, 1989ರಲ್ಲಿ, ಅದೂ ಬೋರ್ ಮತ್ತು ಸಂಗಡಿಗರ ಕೋಪನ್‌ಹೇಗನ್ ವ್ಯಾಖ್ಯಾನ ತನಗೆ ಹಾಗೆ ಕೇಳಿಸುತ್ತದೆ ಎಂದು ಕುಟುಕುವುದಕ್ಕಾಗಿ. ಕುಟುಕಿದ ಮಾತೇ ಉಪದೇಶವಾಗಿಹೋಯಿತು.

ಮಾತು ಮುಂದುವರಿದಂತೆ ಅವರ ನಿಜವಾದ ಅಂಜಿಕೆ ಹೊರಬಿತ್ತು. ಒಂದು ಪ್ರಶ್ನೆಗೆ ಬಾಗಿಲು ತೆರೆದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಅಳೆಯುವ ಮುಂಚೆ ಎಲೆಕ್ಟ್ರಾನ್ ಎಲ್ಲಿತ್ತು? ಅಳತೆ ಎಂದರೆ ಏನು? ತರಂಗ ಫಲನ ಕುಸಿಯಿತು ಎನ್ನುತ್ತೀರಿ, ಏನು ಕುಸಿಯಿತು? ಮ್ಯಾಕ್ಸ್ ಬಾರ್ನ್ 1926ರಲ್ಲಿ ಸಂಭವನೀಯತೆಯ ಅರ್ಥ ಕೊಟ್ಟ ದಿನದಿಂದಲೂ ಈ ಪ್ರಶ್ನೆಗಳ ಮೇಲೆ ಭೌತವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. "ನನಗೇ ಉತ್ತರ ಗೊತ್ತಿಲ್ಲದ್ದನ್ನು ಮೂರನೆಯ ವಾರದ ಮಕ್ಕಳ ಮುಂದೆ ಹೇಗೆ ಎತ್ತಲಿ?" ಎಂದರು.

ಪ್ರಕರಣದ ಗಂಟು ಇರುವುದು ಇಲ್ಲಿ ಎಂದು ನನಗನ್ನಿಸಿತು. ಆ ತರಗತಿಯಲ್ಲಿ ಎರಡು ಬಗೆಯ ಮೌನಗಳಿದ್ದವು. ಒಂದು, ಸ್ಪಷ್ಟ ನಿಯಮವಿದ್ದೂ ಸಮಯ ಸಾಲದೆ ಬಿಟ್ಟದ್ದು: 0.94 ಯಾಕೆ ಸಿಗುವುದಿಲ್ಲ, ಸುರಂಗದಾಚೆ ಶಕ್ತಿ ಎಷ್ಟು ಎಂಬಂಥವು. ಯಾವ ವ್ಯಾಖ್ಯಾನದವರನ್ನು ಕೇಳಿದರೂ ಇವಕ್ಕೆ ಉತ್ತರ ಒಂದೇ. ಇನ್ನೊಂದು, ಯಾರಲ್ಲೂ ಒಪ್ಪಿತ ಉತ್ತರವಿಲ್ಲದ್ದರಿಂದ ಬಿಟ್ಟದ್ದು. ಬೆಂಚಿನಲ್ಲಿ ಕುಳಿತವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ: ಆ ಪ್ರಶ್ನೆಗೆ ಅರ್ಥವಿಲ್ಲ, ಬರೆದುಕೊಳ್ಳಿ. ಅದರ ಫಲ ಎರಡು ಕಡೆಯಿಂದ ಹೊಡೆಯುತ್ತದೆ. ಜಗತ್ತಿನ ಭೌತವಿಜ್ಞಾನಿಗಳೇ ಜಗಳವಾಡುತ್ತಿರುವ ವಿಷಯ ತನಗೆ ತಿಳಿಯದಿದ್ದಾಗ ಹುಡುಗಿಯೊಬ್ಬಳು ತಾನು ದಡ್ಡಿ ಎಂದುಕೊಳ್ಳುತ್ತಾಳೆ. ಅರ್ಧ ಗಂಟೆ ಕುಳಿತರೆ ಬಗೆಹರಿಯುವ ವಿಷಯವನ್ನು ಹುಡುಗನೊಬ್ಬ ಕ್ವಾಂಟಂ ಎಂದರೆ ಹಾಗೆಯೇ, ಯಾರಿಗೂ ಅರ್ಥವಾಗುವುದಿಲ್ಲ ಎಂದು ಕೈಬಿಡುತ್ತಾನೆ. ನಾನು ಮಾತಾಡಿಸಿದವರಲ್ಲಿ ಎರಡೂ ಬಗೆಯವರಿದ್ದರು. ಗಣಿತ ಹೆಚ್ಚಾಯಿತು ಎಂಬುದು ಇಬ್ಬರೂ ಮರ್ಯಾದೆಯಿಂದ ಬರೆಯಬಹುದಾಗಿದ್ದ ದೂರು.

ಮುಂದಿನ ವಾರ ಅಧ್ಯಾಪಕಿ ಪಾಠದ ಯೋಜನೆಯನ್ನು ತಾವೇ ಬದಲಿಸಿದರು. ಕೊನೆಯ ವಾರಕ್ಕೆಂದು ಇಟ್ಟಿದ್ದ ಸ್ಪಿನ್ ಅನ್ನು ಮುಂಚೆಯೇ ತಂದು ನಾಲ್ಕು ತರಗತಿ ಕೊಟ್ಟರು. ಅದರಲ್ಲಿ ಮೊದಲ ಎರಡು ಗಂಟೆ ಪೂರ್ತಿ ಒಂದೇ ಪ್ರಯೋಗ, 1922ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸ್ಟರ್ನ್ ಮತ್ತು ಗೆರ್ಲಾಖ್ ಮಾಡಿದ್ದು. ಒಲೆಯಿಂದ ಹೊರಟ ಬೆಳ್ಳಿಯ ಪರಮಾಣುಗಳು ಅಸಮ ಕಾಂತಕ್ಷೇತ್ರದ ನಡುವೆ ಹಾದು ಗಾಜಿನ ಮೇಲೆ ಬೀಳುತ್ತವೆ. ಒಂದು ಪಟ್ಟೆ ಬೀಳಬೇಕಾಗಿದ್ದಲ್ಲಿ ಸೀಳಿ ಎರಡಾಗುತ್ತದೆ. ಗಾಜಿನ ಮೇಲಿನ ಬೆಳ್ಳಿ ಎಷ್ಟು ತೆಳುವಾಗಿತ್ತೆಂದರೆ ಮೊದಲು ಏನೂ ಕಾಣಲಿಲ್ಲವಂತೆ. ಸ್ಟರ್ನ್ ಅಗ್ಗದ ಚುಟ್ಟಾ ಸೇದುತ್ತಿದ್ದರು, ಅದರ ಗಂಧಕ ತಗುಲಿ ಬೆಳ್ಳಿ ಕಪ್ಪಾಗಿ ಪಟ್ಟೆ ಎದ್ದು ಬಂತು ಎಂದು ಸ್ಟರ್ನ್ ಅವರೇ ಮುಂದೆ ಹೇಳುತ್ತಿದ್ದ ಕತೆಯಿದೆ. ಅಧ್ಯಾಪಕಿ ಇದನ್ನು ಹೇಳಿದಾಗ ತರಗತಿ ಆ ಸೆಮಿಸ್ಟರಿನಲ್ಲಿ ಮೊದಲ ಬಾರಿ ನಕ್ಕಿತು. ಅವರು ಸೇರಿಸಿದ ಇನ್ನೊಂದು ಮಾತು ನನಗೆ ಹೆಚ್ಚು ಹಿಡಿಸಿತು. ಪ್ರಯೋಗ ಮಾಡಿದವರಿಗೆ ತಾವು ಕಂಡದ್ದು ಎಲೆಕ್ಟ್ರಾನಿನ ಸ್ಪಿನ್ ಎಂದು ಗೊತ್ತಿರಲಿಲ್ಲ, ಸ್ಪಿನ್ ಕಲ್ಪನೆ ಬಂದದ್ದೇ 1925ರಲ್ಲಿ. ಹಳೆಯ ಬೋರ್ ಸಿದ್ಧಾಂತ ಸಾಬೀತಾಯಿತು ಎಂದೇ ಅವರು ತಿಳಿದಿದ್ದರು. ಸರಿಯಾದ ಪ್ರಯೋಗ, ತಪ್ಪಾದ ಓದು. ಅದುವರೆಗೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ ಕೆಲವರು ಆಗ ತಲೆಯೆತ್ತಿದರು.

ಆಮೇಲೆ ಬೋರ್ಡಿನ ಮೇಲೆ ಇಂಥ ಮೂರು ಕಾಂತಗಳನ್ನು ಸಾಲಾಗಿ ಬರೆದರು. ಮೊದಲ ಕಾಂತ ಲಂಬ ದಿಕ್ಕಿನದು, ಅಲ್ಲಿ ಮೇಲಕ್ಕೆ ಹೋದ ಪರಮಾಣುಗಳನ್ನು ಮಾತ್ರ ಮುಂದಕ್ಕೆ ಬಿಡುತ್ತೇವೆ. ಎರಡನೆಯದು ಅಡ್ಡ ದಿಕ್ಕಿನದು, ಅಲ್ಲಿ ಬಲಕ್ಕೆ ಹೋದವನ್ನು ಮಾತ್ರ ಬಿಡುತ್ತೇವೆ. ಮೂರನೆಯದು ಮತ್ತೆ ಲಂಬ. ಈಗ ಎಷ್ಟು ಮೇಲಕ್ಕೆ, ಎಷ್ಟು ಕೆಳಕ್ಕೆ? ಉತ್ತರವನ್ನು ಮೊದಲು ಒಬ್ಬೊಬ್ಬರೇ ಬರೆಯಬೇಕು, ಆಮೇಲೆ ಪಕ್ಕದವರನ್ನು ಒಪ್ಪಿಸಲು ನೋಡಬೇಕು. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಬಳಕೆಗೆ ತಂದ ಕ್ರಮ ಇದು, ಹೊಸತೇನಲ್ಲ. ಆದರೆ ಆ ಕೋಣೆಗೆ ಹೊಸತು. ಮೊದಲ ಎರಡು ನಿಮಿಷ ಯಾರೂ ಬಾಯಿಬಿಡಲಿಲ್ಲ. ಐದನೆಯ ನಿಮಿಷಕ್ಕೆ ಸದ್ದು ಕಾರಿಡಾರಿಗೆ ಕೇಳುವಷ್ಟಾಗಿತ್ತು.

ಎಲ್ಲವೂ ಮೇಲಕ್ಕೆ ಎಂಬುದು ಬಹುಮತದ ಉತ್ತರ. ಕಾರಣವೂ ಗಟ್ಟಿಯಾಗಿಯೇ ಇತ್ತು: ಕೆಳಕ್ಕೆ ಹೋಗುವವನ್ನು ಮೊದಲೇ ಸೋಸಿ ತೆಗೆದಿದ್ದೇವಲ್ಲ. ನಿಜದಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ. "ಹಾಗಾದರೆ ಎರಡನೆಯ ಕಾಂತ ಮೊದಲನೆಯದರ ಉತ್ತರವನ್ನು ಅಳಿಸಿಹಾಕಿತೇ?" ಎಂದು ಕೇಳಿದವನು ಅದೇ ಹೆಚ್ಚು ಅಂಕದ ಹುಡುಗ.

ಅಧ್ಯಾಪಕಿ ಉತ್ತರ ಕೊಡದೆ ಚಿತ್ರ ಬದಲಿಸಿದರು. ಎರಡನೆಯ ಕಾಂತದಿಂದ ಎಡಕ್ಕೂ ಬಲಕ್ಕೂ ಹೋದ ಎರಡು ಕಿರಣಗಳನ್ನು, ಯಾವ ಪರಮಾಣು ಯಾವ ದಾರಿ ಹಿಡಿಯಿತು ಎಂದು ಎಲ್ಲಿಯೂ ಗುರುತು ಉಳಿಯದಂತೆ, ಮತ್ತೆ ಒಂದಾಗಿಸಿ ಮೂರನೆಯದಕ್ಕೆ ಬಿಟ್ಟರೆ? ಬೆಳ್ಳಿಯ ಪರಮಾಣುಗಳಲ್ಲಿ ಇದನ್ನು ನಡೆಸಿ ತೋರಿಸುವುದು ಅತಿ ಕಷ್ಟ, ಬೋರ್ಡಿನ ಮೇಲೆ ಇದು ಮನಸ್ಸಿನಲ್ಲೇ ಮಾಡುವ ಪ್ರಯೋಗ. ಅರ್ಧರ್ಧ ಎಂದಿತು ತರಗತಿ, ಒಮ್ಮೆ ಸುಟ್ಟುಕೊಂಡವರ ಎಚ್ಚರದಲ್ಲಿ. ಈ ಸಲ ಎಲ್ಲವೂ ಮೇಲಕ್ಕೆ. ಸ್ಥಿತಿಗಳನ್ನು ಕೂಡಿಸುವುದು, ಅಂದರೆ ಸೂಪರ್‌ಪೊಸಿಷನ್, ಇದೋ ಅದೋ ನಮಗೆ ಗೊತ್ತಿಲ್ಲ ಎಂದಷ್ಟೇ ಆಗಿದ್ದರೆ, ಎಡದ ಗುಂಪು ಅರ್ಧರ್ಧ, ಬಲದ ಗುಂಪು ಅರ್ಧರ್ಧ, ಕೂಡಿಸಿದರೂ ಅರ್ಧರ್ಧವೇ ಬರಬೇಕಿತ್ತು. ಬರುವುದಿಲ್ಲ. ಇದನ್ನು ತೋರಿಸಲು ಬೇಕಾದ ಗಣಿತ ಎರಡು ಸಾಲು ಎರಡು ಕಂಬದ ಮಾತೃಕೆ. ಗಣಿತ ತಲೆಗೆ ಹತ್ತುವುದಿಲ್ಲ ಎಂದು ನನ್ನ ಮುಂದೆ ಹೇಳಿಕೊಂಡಿದ್ದವರು ಅದನ್ನು ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದರು. ತಡೆಗೋಡೆಯ ಚಿತ್ರವನ್ನೂ ಆ ವಾರವೇ ಮತ್ತೆ ಬರೆದರು: ಮೇಲೊಂದು, ಶಕ್ತಿಗೆ, ಕೆಳಗೊಂದು, ತರಂಗ ಫಲನಕ್ಕೆ, ಎರಡಕ್ಕೂ ಬೇರೆ ಅಕ್ಷ, ಬೇರೆ ಹೆಸರು.

ಒಂಬತ್ತನೆಯ ವಾರ ಅವರು ಬೋರ್ಡಿನ ಮೇಲೆ ಆ ಹಳೆಯ ಪೆಟ್ಟಿಗೆಯನ್ನು ಬರೆದು ಕಿಟಕಿ ಪಕ್ಕದ ಸಾಲಿನ ಕಡೆ ತಿರುಗಿದರು. "ಅವತ್ತು ನೀನೊಂದು ಪ್ರಶ್ನೆ ಕೇಳಿದ್ದೆ. ನಾನು ಸರಿಯಾಗಿ ಉತ್ತರಿಸಲಿಲ್ಲ." ಹುಡುಗಿಗೆ ಮುಜುಗರವಾಯಿತು. ನನಗೂ ಸ್ವಲ್ಪ.

ಎರಡನೆಯ ಮಟ್ಟದಲ್ಲಿರುವ ಎಲೆಕ್ಟ್ರಾನ್ ಎಡದಿಂದ ಬಲಕ್ಕೆ ಹೋಗುತ್ತಿದೆ ಎಂದು ನಾವು ಅಂದುಕೊಂಡದ್ದು ಎಲ್ಲಿಂದ ಎಂದು ಅವರು ಮೊದಲು ಕೇಳಿದರು. ಆ ಸ್ಥಿತಿಯಲ್ಲಿ ಸಂಭವನೀಯತೆಯ ಗುಡ್ಡಗಳು ಕಾಲದೊಂದಿಗೆ ಕದಲುವುದೇ ಇಲ್ಲ. ಯಾವುದೂ ಬದಲಾಗದ ಕಡೆ ದಾಟುವುದು ಎಂಬ ಮಾತನ್ನು ಚೆಂಡಿನ ಲೋಕದಿಂದ ನಾವೇ ತಂದು ಸೇರಿಸಿದ್ದೇವೆ. ಏನಾದರೂ ನಿಜವಾಗಿ ಅತ್ತಿತ್ತ ಹೋಗಬೇಕಾದರೆ ಎರಡು ಮಟ್ಟಗಳನ್ನು ಕೂಡಿಸಬೇಕು. ಮೊದಲ ಮತ್ತು ಎರಡನೆಯ ಮಟ್ಟ ಸಮಪಾಲಿನಲ್ಲಿ ಸೇರಿದಾಗ ಗುಡ್ಡ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತುಯ್ದಾಡುತ್ತದೆ. ಒಂದು ನ್ಯಾನೋಮೀಟರ್ ಪೆಟ್ಟಿಗೆಯಲ್ಲಿ ಒಂದು ಸುತ್ತಿಗೆ ಸುಮಾರು 3.7 ಫೆಮ್ಟೋಸೆಕೆಂಡ್. ಆಗ ನಡುವೆ ನೋಡಿ, ಸೊನ್ನೆಯಿಲ್ಲ. ಮೊದಲ ಮಟ್ಟದ ತರಂಗ ಫಲನ ಅಲ್ಲಿ ತನ್ನ ಪೂರ್ತಿ ಎತ್ತರದಲ್ಲಿ ನಿಂತಿರುತ್ತದೆ. ಅಂದರೆ ಚಲನೆ ಇರುವಲ್ಲಿ ನಡುವೆ ದಾರಿಯಿದೆ, ನಡುವೆ ದಾರಿಯಿಲ್ಲದಲ್ಲಿ ಚಲನೆಯಿಲ್ಲ. ಈ ಉತ್ತರಕ್ಕೆ ಹನ್ನೊಂದು ನಿಮಿಷ ಹಿಡಿಯಿತು, ನಾನು ಗಡಿಯಾರ ನೋಡಿಕೊಂಡಿದ್ದೆ.

"ಹಾಗಾದರೆ ಅಳೆಯುವ ಮುಂಚೆ ಅದು ಎಲ್ಲಿರುತ್ತದೆ, ಮೇಡಂ?"

"ಇದು ಬೇರೆ ಥರದ ಪ್ರಶ್ನೆ" ಎಂದರು ಅಧ್ಯಾಪಕಿ. "ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ನನ್ನ ಹತ್ತಿರವೂ ಇಲ್ಲ." ಆದರೆ ಇಲ್ಲ ಎಂಬುದರ ಒಳಗೂ ಒಂದಿಷ್ಟು ತಿಳಿದಿರುವುದುಂಟು ಎಂದು 1964ರ ಬೆಲ್ ಪ್ರಮೇಯದ ಕಡೆಗೆ ಬೆರಳು ತೋರಿಸಿದರು. ಪರಸ್ಪರ ದೂರವಿರುವ ಎರಡು ಕಣಗಳ ಉತ್ತರಗಳು ಮೊದಲೇ ನಿಶ್ಚಯವಾಗಿದ್ದು, ಒಂದರ ಅಳತೆ ಇನ್ನೊಂದನ್ನು ಮುಟ್ಟುವುದಿಲ್ಲ ಎಂದಿದ್ದರೆ ಅಳತೆಗಳ ನಡುವಿನ ಹೊಂದಾಣಿಕೆ ಒಂದು ಮಿತಿಯನ್ನು ಮೀರಕೂಡದು. ಪ್ರಯೋಗಗಳಲ್ಲಿ ಅದು ಮೀರುತ್ತದೆ. 2022ರ ನೊಬೆಲ್ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ಬಂದದ್ದು ಈ ದಾರಿಯ ಕೆಲಸಕ್ಕೆ. ಅಷ್ಟು ಹೇಳಿ ಆಂದೋಲಕಕ್ಕೆ ಮರಳಿದರು. ಅವರು ಹೆದರಿದ್ದ ಪ್ರವಾಹ ಬರಲಿಲ್ಲ. ಉತ್ತರವಿಲ್ಲ ಎಂದು ಕೇಳಿಸಿಕೊಂಡ ತರಗತಿ ಸಮಾಧಾನದಿಂದಲೇ ಪುಟ ತಿರುವಿತು.

ಫಲಿತಾಂಶ ಹೂವಿನ ಹಾಸಿಗೆಯೇನಲ್ಲ. ಸೆಮಿಸ್ಟರ್ ಕೊನೆಯಲ್ಲಿ ಇನ್ನೊಂದು ಹಾಳೆ ಕೊಟ್ಟೆ. ಸ್ಪಿನ್ ಪ್ರಶ್ನೆಗಳಲ್ಲಿ ಉತ್ತರಗಳು ಗಟ್ಟಿಯಾಗಿದ್ದವು. ಪೆಟ್ಟಿಗೆಯ ಪ್ರಶ್ನೆಯಲ್ಲಿ ಸರಾಸರಿ ಬರೆಯುವವರು ಕಡಿಮೆಯಾಗಿದ್ದರು. ಆದರೆ ಅದೇ ಪ್ರಶ್ನೆಗೆ ಆಂದೋಲಕದ ವೇಷ ಹಾಕಿ ಕೇಳಿದಾಗ ಹಳೆಯ ಸರಾಸರಿ ಮತ್ತೆ ಕಾಣಿಸಿತು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ನಡೆದುಕೊಂಡು ಹೋಗುವುದಿಲ್ಲ. ಪ್ರತಿ ಸಲವೂ ಕೈಹಿಡಿದು ದಾಟಿಸಬೇಕು, ಅದಕ್ಕೆ ಸಮಯವಿರಲಿಲ್ಲ.

ಸಮಯ ಹೋದದ್ದು ಹೈಡ್ರೋಜನ್‌ನಿಂದ. ತ್ರಿಜ್ಯ ಸಮೀಕರಣದ ಪರಿಹಾರವನ್ನು ತರಗತಿಯಲ್ಲಿ ಮಾಡಲಾಗದೆ ನೋಟ್ಸ್ ಆಗಿ ಹಂಚಿದರು. ಮುಂದಿನ ಕೋರ್ಸಿನ ಅಧ್ಯಾಪಕರು ಇದನ್ನು ಕೇಳಿ ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ನಿರೂಪಣೆಗಳನ್ನು ನಿಜವಾಗಿಯೂ ಇಷ್ಟಪಡುತ್ತಿದ್ದ ಒಬ್ಬ ವಿದ್ಯಾರ್ಥಿ ತನ್ನ ಅಭಿಪ್ರಾಯದಲ್ಲಿ, ಕೊನೆಯ ತಿಂಗಳು ಚರ್ಚೆಯೇ ಹೆಚ್ಚಾಯಿತು, ಪಾಠ ಕಡಿಮೆಯಾಯಿತು ಎಂದು ಬರೆದ. ಅವನ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪಕ್ಕದವರನ್ನು ಒಪ್ಪಿಸು ಎಂದಾಗ ಮಾತಾಡುವವರೇ ಮಾತಾಡುತ್ತಾರೆ, ಒಂಟಿಯಾಗಿ ಯೋಚಿಸುವವರಿಗೆ ಅದು ಬರೀ ಗದ್ದಲ.

ಅಂತಿಮ ಪರೀಕ್ಷೆಯಲ್ಲಿ ಲೆಕ್ಕವಿಲ್ಲದ ಒಂದು ಪ್ರಶ್ನೆ ಹಾಕಲು ವಿಭಾಗವನ್ನು ಒಪ್ಪಿಸಿದೆವು. ಮೂರು ಕಾಂತಗಳ ಪ್ರಶ್ನೆ, ಕಾರಣ ಸಹಿತ ವಿವರಿಸಿ ಎಂದು. ಮೌಲ್ಯಮಾಪನದ ದಿನ ಒಂದೇ ಉತ್ತರಕ್ಕೆ ಇಬ್ಬರು ಪರೀಕ್ಷಕರು ಬೇರೆ ಬೇರೆ ಅಂಕ ಕೊಟ್ಟರು. ವಿದ್ಯಾರ್ಥಿ ಬರೆದಿದ್ದ ಮಾತು: ಎರಡನೆಯ ಕಾಂತ ಪರಮಾಣುವಿನ ನೆನಪನ್ನು ಕೆಡಿಸುತ್ತದೆ. ಒಬ್ಬರು ಇದನ್ನು ಒಳ್ಳೆಯ ಉಪಮೆ ಎಂದರು. ಇನ್ನೊಬ್ಬರು, ಪರಮಾಣುವಿಗೆ ನೆನಪಿದ್ದರೆ ತಾನೇ ಕೆಡಿಸುವುದು ಎಂದರು. ನನಗೆ ಎರಡನೆಯವರೇ ಸರಿ ಎನ್ನಿಸಿತು, ಆದರೆ ಸೊನ್ನೆ ಹಾಕುವಷ್ಟು ಸರಿಯಲ್ಲ. ನಡುವಿನ ಅಂಕಕ್ಕೆ ಒಪ್ಪಂದವಾಯಿತು, ಅಂದರೆ ಸರಾಸರಿ. ಅಧ್ಯಾಪಕಿ ನನ್ನ ಕಡೆ ನೋಡಿ ನಕ್ಕರು.

ಮುಂದಿನ ವರ್ಷದ ಯೋಜನೆ ಇನ್ನೂ ಅಂತಿಮವಾಗಿಲ್ಲ. ಸ್ಪಿನ್‌ನಿಂದಲೇ ಶುರುಮಾಡುವುದಕ್ಕೆ ಅವರು ಒಪ್ಪಿದ್ದಾರೆ. ಹೈಡ್ರೋಜನ್‌ಗೆ ಬೇಕಾದ ಗಂಟೆಗಳನ್ನು ಬೋರ್ ಮಾದರಿಯ ವಾರದಿಂದ ತೆಗೆಯಿರಿ ಎಂಬ ನನ್ನ ಸಲಹೆಗೆ ಒಪ್ಪಿಲ್ಲ. ಬೋರ್ ಇಲ್ಲದೆ ಹೈಡ್ರೋಜನ್ ಕಲಿಸುವುದು ತಮ್ಮಿಂದಾಗದು ಎನ್ನುತ್ತಾರೆ. ಬೇಕಿದ್ದರೆ ಕೋನೀಯ ಸಂವೇಗದ ಆ ಒಂದು ಪ್ರಶ್ನೆಯನ್ನು ಪರೀಕ್ಷೆಗೆ ಹಾಕೋಣ, ಎರಡು ಉತ್ತರ ಬರೆದವರಿಗೆ ಈ ಸಲ ಅಂಕ ಬೇಡ ಎಂಬಲ್ಲಿಗೆ ಮಾತು ನಿಂತಿದೆ.